ಧೂಮಮಿತ್ರರ ನ್ಯಾಯಬದ್ಧ ವಿನಿಮಯ

ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಗಹನವಾದ ಪ್ರಶ್ನೆಯನ್ನು ಋಷಿಮುನಿಗಳು, ನ್ಯಾಯಾಧೀಶರು ಮತ್ತು ಚೀಟಿ ನಡೆಸುವವರು ತಲೆತಲಾಂತರದಿಂದ ಚರ್ಚಿಸುತ್ತ ಬಂದಿದ್ದಾರೆ. ಕಳೆದ ಮಹಾಲಯ ಅಮಾವಾಸ್ಯೆಯ ಭಾನುವಾರ ಅದು ಅಲ್ಲಾಳಸಂದ್ರದ ಹಳೇ ಊರಿನಲ್ಲಿ ತೀರ್ಮಾನವಾಯಿತು. ತೀರ್ಮಾನಕ್ಕೆ ಬೇಕಾದದ್ದು ಒಂದು ಡಬ್ಬಿ ಚುರುಟು, ಒಂದು ಹಿಡಿ ಸಾಂಬ್ರಾಣಿ ಮತ್ತು ಟೈಲ್ಸ್ ಅಂಗಡಿ ಯಶವಂತನ ಮರೆವು.

ಯಶವಂತ ಪ್ರಾಮಾಣಿಕ. "ಈ ಟೈಲು ಎರಡು ಮಳೆಗಾಲಕ್ಕೆ ಬಿರುಕು ಬಿಡುತ್ತೆ, ಬೇಡ ಬಿಡಿ" ಎಂದು ಗಿರಾಕಿಗೆ ತಾನೇ ಹೇಳಿ ಕಳಿಸುವವನು. ಯಲಹಂಕದ ಅವನ ಅಂಗಡಿ ಇನ್ನೂ ನಡೆಯುತ್ತಿದ್ದದ್ದು ತೀರಿಹೋದ ತಂದೆ ಚಿಕ್ಕಹನುಮಯ್ಯನವರು ಕಟ್ಟಿಸಿಟ್ಟ ಮನೆಗಳ ಬಾಡಿಗೆಯಿಂದ. ಇಂಥವನಲ್ಲೂ ಒಂದು ಗುಟ್ಟಿತ್ತು. ಯಾವುದೋ ಗೃಹಪ್ರವೇಶದಲ್ಲಿ ಬಿಲ್ಡರ್ ಗೆಳೆಯನೊಬ್ಬ ಕೈಗಿಟ್ಟ ಚುರುಟು ಅವನನ್ನು ಹಿಡಿದುಕೊಂಡಿತ್ತು. ಇದು ಹೆಂಡತಿ ಚೈತ್ರಳಿಗೆ ಗೊತ್ತು, ತಾಯಿ ಲಕ್ಷ್ಮಿದೇವಮ್ಮನಿಗೆ ಗೊತ್ತಿಲ್ಲ. ತಲೆ ನರೆತಿದ್ದರೂ ಅಮ್ಮನೆದುರು ಕೆಮ್ಮಲು ಅವನು ಹೆದರುತ್ತಿದ್ದ. ಕೆಮ್ಮು ಕೇಳಿಯೇ ಚುರುಟಿನ ಉದ್ದ ಹೇಳಿಬಿಟ್ಟಾಳು ಎಂಬ ಅಳುಕು.

ಗುಟ್ಟನ್ನು ಹಂಚಿಕೊಳ್ಳಲು ಅವನಿಗೆ ಧೂಮಮಿತ್ರರಿದ್ದರು. ಅದು ಅವನೂ ಸೇರಿ ಊರೂರಿನ ಆರು ಜನ ಚುರುಟುಪ್ರಿಯರ ವಾಟ್ಸಾಪ್ ಬಳಗ. ಸೇದುವುದಕ್ಕಿಂತ ಸೇದಿದ್ದನ್ನು ವರ್ಣಿಸುವುದೇ ಅಲ್ಲಿ ಹೆಚ್ಚು. ಒಬ್ಬರಿಗೆ ಹೊಗೆಯಲ್ಲಿ ಒಣದ್ರಾಕ್ಷಿ ಸಿಕ್ಕರೆ ಇನ್ನೊಬ್ಬರಿಗೆ ಹಳೇ ಚರ್ಮದ ಚಪ್ಪಲಿ ಸಿಗುತ್ತಿತ್ತು. ಇಬ್ಬರೂ ಅದನ್ನು ಹೊಗಳಿಕೆಯೆಂದೇ ಬರೆಯುತ್ತಿದ್ದರು. ವರ್ಷಕ್ಕೊಮ್ಮೆ ವಿನಿಮಯ. ಪ್ರತಿಯೊಬ್ಬರೂ ತಮ್ಮಲ್ಲಿರುವ ಐದು ಒಳ್ಳೆಯ ಚುರುಟುಗಳನ್ನು ಕೊರಿಯರಿನಲ್ಲಿ ಸಂಘಟಕರಿಗೆ ಕಳಿಸಬೇಕು. ಸಂಘಟಕರು ವಿಡಿಯೋ ಕಾಲ್‌ನಲ್ಲಿ ಎಲ್ಲರೆದುರು ಚೀಟಿ ಎತ್ತಿಸಿ, ಯಾರ ಮಾಲೂ ಅವರಿಗೇ ವಾಪಸಾಗದಂತೆ ಐದೈದು ಹಂಚಿ, ಮತ್ತೆ ಕೊರಿಯರಿಗೆ ಹಾಕಬೇಕು.

ಹೋದ ವರ್ಷ ಮಂಗಳೂರಿನ ಗೋಕುಲ್ ಸಂಘಟಕ. ಒಳ್ಳೆಯದನ್ನೆಲ್ಲ ಆತನೇ ಇಟ್ಟುಕೊಂಡ ಎಂದು ಹುಬ್ಬಳ್ಳಿಯ ದಂತವೈದ್ಯೆ ಅಸ್ಮಾ ಬರೆದರು. ಅದಾದ ಮೇಲೆ ಬಹಳ ಕಾಲ ಬಳಗದಲ್ಲಿ ಯಾರೂ ಯಾರ ಹುಟ್ಟುಹಬ್ಬಕ್ಕೂ ಶುಭ ಕೋರಲಿಲ್ಲ. ಕೊನೆಗೆ ಮೈಸೂರಿನ ವಾಸು ಎಂಬ ಹಿರಿಯರು, "ಈ ಸಲ ಯಶವಂತ್ ಮಾಡ್ಲಿ. ಅವರನ್ನ ಕಣ್ಮುಚ್ಚಿಕೊಂಡು ನಂಬಬಹುದು" ಎಂದು ಬರೆದರು. ಶಾಮಿಯಾನದ ಹಗ್ಗ ಹಿಡಿದುಕೊಳ್ಳುವುದು ಬಿಟ್ಟರೆ ಬೇರೇನನ್ನೂ ಯಾರೂ ವಹಿಸಿಕೊಡದ ಯಶವಂತ ಆ ಸಾಲನ್ನು ಅಂಗಡಿಯಲ್ಲಿ ಎದ್ದು ನಿಂತು ಓದಿದ.

ನಂಬಿದ ವಾಸು ಬರಿ ಮಾತಿನಲ್ಲಿ ನಂಬಲಿಲ್ಲ. ಮಗಳ ಮದುವೆಯ ವರ್ಷ ಕೊಂಡು, ಮೊಮ್ಮಗ ಶಾಲೆಗೆ ಸೇರುವ ತನಕ ಮರದ ಪೆಟ್ಟಿಗೆಯಲ್ಲಿ ಮಾಗಿಸಿದ್ದ ದಪ್ಪ ಚುರುಟೊಂದನ್ನು ತಮ್ಮ ಐದರ ಜೊತೆ ಆರನೆಯದಾಗಿ ಸೇರಿಸಿ ಕಳಿಸಿದರು. ನಡುವಿಗೆ ಕೆಂಪು-ಬಂಗಾರ ಬಣ್ಣದ ಕಾಗದದ ಉಂಗುರ. ಅದಕ್ಕೆ ಕೊನೆಯಲ್ಲಿ ಪ್ರತ್ಯೇಕ ಚೀಟಿ. ಗೆದ್ದವರು ಸೇದಿ ವರ್ಣಿಸಬೇಕು. ಆ ಚುರುಟಿನ ಮೇಲೆ ಎಲ್ಲರಿಗೂ ಕಣ್ಣಿತ್ತು, ಯಶವಂತನಿಗೂ ಇತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ವಿನಿಮಯ ಮುಗಿದ ಮೇಲೆ ಯಾರೂ ತನ್ನ ಕಡೆ ಬೆರಳು ತೋರಿಸಬಾರದು ಎಂಬುದೇ ಅವನ ಆಸೆಯಾಗಿತ್ತು. ಚೀಟಿ ಎತ್ತುವ ಸಮಯ ಅಮಾವಾಸ್ಯೆಯ ಸಂಜೆ ಎಂದು ನಿಗದಿಯಾಯಿತು.

ಆ ಅಮಾವಾಸ್ಯೆ ಹಿರಿಯರಿಗೆ ಎಡೆ ಇಡುವ ದಿನ. ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯ ಮೇಲೆ ಬಡಿಸಿ, ಧೂಪ ಹಾಕಿ, ಅವರು ಬಂದು ಉಂಡು ಹೋಗಲೆಂದು ಬಾಗಿಲು ಮುಚ್ಚುವುದು ಆ ಮನೆಯ ಪದ್ಧತಿ. ಚಿಕ್ಕಹನುಮಯ್ಯನವರಿಗೆ ಮುದ್ದೆ, ಮಟನ್ ಸಾರು, ಬ್ರಾಂದಿ ಮತ್ತು ಚುಟ್ಟ ಇಷ್ಟ. "ಚುಟ್ಟದ ಕಟ್ಟು ಮರೀಬ್ಯಾಡ ಕಣಪ್ಪ" ಎಂದು ಲಕ್ಷ್ಮಿದೇವಮ್ಮ ವಾರದಿಂದ ಹೇಳುತ್ತಿದ್ದರು. ಯಶವಂತ ಮರೆತ. ಬೆಳಗ್ಗೆ ಅಂಗಡಿಗೆ ಹೋಗಿ, ಅಲ್ಲಿಗೆ ಬಂದು ಸೇರಿದ್ದ ಚುರುಟುಗಳ ಡಬ್ಬಿ ತೆಗೆದುಕೊಂಡು, ಬರುವ ದಾರಿಯಲ್ಲಿ ತೆಂಗಿನಕಾಯಿ, ಹೂವು ಕೊಂಡು, ಎಲ್ಲವನ್ನೂ ಒಂದೇ ಬ್ಯಾಗಿಗೆ ತುರುಕಿ, ಹಜಾರದಲ್ಲಿಟ್ಟು ಸ್ನಾನಕ್ಕೆ ಹೋದ.

ತಲೆ ಒರೆಸಿಕೊಳ್ಳುತ್ತ ಹೊರಬಂದಾಗ ಚೈತ್ರ ಎದುರು ನಿಂತಿದ್ದಳು. ಅವಳ ಮುಖ ನಗು ತಡೆದು ತಡೆದು ಇಡ್ಲಿಯಂತೆ ಉಬ್ಬಿತ್ತು.

"ರೀ, ನಿಮ್ಮ ಬ್ಯಾಗು ಅತ್ತೆ ಬಿಚ್ಚಿದ್ರು."

"ಹೂವು ಬಾಡಿತ್ತಾ?"

"ಹೂವು ಚೆನ್ನಾಗಿತ್ತು. ಡಬ್ಬಿ ಇನ್ನೂ ಚೆನ್ನಾಗಿತ್ತಂತೆ."

ಯಶವಂತ ದೇವರ ಕೋಣೆಗೆ ಓಡಿದ. ಬಾಗಿಲು ಆಗಷ್ಟೇ ಮುಚ್ಚಿತ್ತು. ಹೊರಗೆ ಲಕ್ಷ್ಮಿದೇವಮ್ಮ, ಚಿಕ್ಕಪ್ಪ ಆಂಜಿನಪ್ಪ, ಎದುರುಮನೆ ರತ್ನಕ್ಕ ಕೈಮುಗಿದು ನಿಂತಿದ್ದರು. ಬಾಗಿಲ ಸಂದಿನಿಂದ ಸಾಂಬ್ರಾಣಿ ಹೊಗೆ ಗೊರಗುಂಟೆಪಾಳ್ಯದ ಲಾರಿಗಳ ಹೊಗೆಯಂತೆ ಧಾರಾಳವಾಗಿ ಬರುತ್ತಿತ್ತು.

"ಅಮ್ಮ, ಆ ಡಬ್ಬಿ..."

ಲಕ್ಷ್ಮಿದೇವಮ್ಮ ತಿರುಗಿದರು. ಕಣ್ಣು ತುಂಬಿತ್ತು. "ಏನ್ ಮಗಾ ನೀನು! ಒಂದ್ ಕಟ್ಟು ಚುಟ್ಟ ತಾ ಅಂದ್ರೆ, ನಿಮ್ಮಪ್ಪಂಗೆ ಅಂತ ಫಾರಿನ್ ಚುಟ್ಟ ತಂದಿದೀಯಲ್ಲೋ. ಒಂದೊಂದುಕ್ಕೂ ಉಂಗ್ರ ತೊಡ್ಸವ್ರೆ! ಎಲ್ಲಾನೂ ಎಡೆಗೆ ಇಟ್ಟಿವ್ನಿ."

"ಎಲ್ಲಾನೂ?"

"ಇನ್ನೇನು, ಅಪ್ಪಂಗೆ ಕೊಡಾಕೆ ಲೆಕ್ಕ ಆಕ್ತಾರಾ?"

"ಮಗ ಅಂದ್ರೆ ಇಂಗಿರ್ಬೇಕು ನೋಡು," ಎಂದು ರತ್ನಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮ್ಮನೇಲೂ ಅವ್ನೆ ಒಬ್ಬ. ಅವರಪ್ಪನ ಎಡೆಗೆ ಸೇದಿ ಉಳಿದಿದ್ ಬೀಡಿ ಇಟ್ಟ."

ಈಗ ಯಶವಂತ ಏನು ಹೇಳಬಹುದಿತ್ತು? ಅದು ಅಪ್ಪನಿಗಲ್ಲ ಎಂದರೆ, ಮತ್ತೆ ಯಾರಿಗೆ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಅವನ ಹತ್ತಿರ ಒಂದೇ ಉತ್ತರವಿತ್ತು. ಅದನ್ನು ಅಮ್ಮನಿಗೆ ಹೇಳುವುದಕ್ಕಿಂತ ಅಲ್ಲಾಳಸಂದ್ರದ ಕೆರೆಯಲ್ಲಿ ಕಂಠಮಟ್ಟ ನಿಂತಿರುವುದು ಮೇಲು. ಅವನು ಬಾಗಿಲ ಚಿಲಕಕ್ಕೆ ಕೈ ಹಾಕಿದ.

"ಲೇಯ್!" ಆಂಜಿನಪ್ಪ ಗದರಿದರು. "ನಿಮ್ಮಪ್ಪ ಒಳಗೆ ಉಣ್ತಾವ್ನೆ. ಉಣ್ಣೋರ್ ಮುಂದೆ ಓಗಿ ನಿಂತ್ಕಬಾರ್ದು ಅನ್ನೋದೂ ತಿಳೀದಾ?"

ಯಶವಂತ ಕೈ ತೆಗೆದ. ಚುರುಟಿಗೆ ಮಲ್ಲಿಗೆಯ ವಾಸನೆ ತಗುಲಿದರೂ ಕೆಡುತ್ತದೆ ಎಂದು ಬಳಗದಲ್ಲಿ ಒಮ್ಮೆ ಎರಡು ದಿನ ಚರ್ಚೆ ನಡೆದಿತ್ತು. ಒಳಗೆ ಸಾಂಬ್ರಾಣಿ, ಕರ್ಪೂರ ಮತ್ತು ಒಂದು ಹಂಡೆ ಮಟನ್ ಸಾರು ಸೇರಿ ತಮ್ಮ ಕೆಲಸ ಮಾಡುತ್ತಿದ್ದವು.

ಬಾಗಿಲು ತೆರೆದಾಗ ಚುರುಟುಗಳು ಬಾಳೆಲೆಯ ಸುತ್ತ ಬೇಲಿಯ ಗೂಟಗಳಂತೆ ಸಾಲಾಗಿದ್ದವು. ವಾಸು ಅವರ ದಪ್ಪ ಚುರುಟು ಅಪ್ಪನ ಫೋಟೋ ಮುಂದೆ ಒಂಟಿಯಾಗಿ, ಅಧ್ಯಕ್ಷರ ಠೀವಿಯಲ್ಲಿ ಕೂತಿತ್ತು. ಯಶವಂತ ಕೈ ಚಾಚುವಷ್ಟರಲ್ಲಿ ರತ್ನಕ್ಕ, "ಯಶ್ವಂತಣ್ಣ, ಕಾಗೆಗೆ ಅನ್ನ ಇಡಪ್ಪ, ಮಗನೇ ಇಡ್ಬೇಕು" ಎಂದು ಎಲೆ ಕೈಗಿತ್ತು ಟೆರೇಸಿಗೆ ಓಡಿಸಿದಳು. ಆವತ್ತು ಊರಲ್ಲೆಲ್ಲ ಎಡೆ. ಕಾಗೆಗಳಿಗೆ ಹೊಟ್ಟೆ ತುಂಬಿತ್ತು. ಒಂದು ಕಾಗೆ ಬಂದು ಯಶವಂತನ ಮುದ್ದೆಯನ್ನು ಒಲ್ಲದ ಮನಸ್ಸಿನಿಂದ ಕುಕ್ಕುವ ಹೊತ್ತಿಗೆ ಅವನ ಪಂಚೆ ಬೆವರಿನಿಂದ ಒದ್ದೆಯಾಗಿತ್ತು.

ಕೆಳಗಿಳಿದು ಬಂದರೆ ಎಡೆಯ ಮುಂದೆ ಒಂದು ಚುರುಟೂ ಇಲ್ಲ.

"ಹಿರೀಕರು ಮುಟ್ಟಿದ್ದು, ನಾಕ್ ಜನುಕ್ಕೆ ಅಂಚ್ಬೇಕಲ್ಲ," ಎಂದರು ಲಕ್ಷ್ಮಿದೇವಮ್ಮ. "ನಿಮ್ಮ ಚಿಕ್ಕಪ್ಪಂಗೆ ಕೊಟ್ಟೆ. ಕಟ್ಟೆತಾವ ತಕ್ಕಂಡೋದ."

ಯಶವಂತ ಸ್ಕೂಟರ್ ಹತ್ತಿದ. ಅರ್ಧ ದಾರಿಯಲ್ಲಿ ಬುದ್ಧಿ ಬಂದು, ಯಲಹಂಕಕ್ಕೆ ತಿರುಗಿಸಿ, ಮರೆತಿದ್ದ ಚುಟ್ಟದ ಕಟ್ಟುಗಳನ್ನು ಬೀಡಿ ಅಂಗಡಿಯಲ್ಲಿ ಇದ್ದಷ್ಟೂ ಕೊಂಡ. ದಾರಿಯುದ್ದಕ್ಕೂ ಅವನ ಕಣ್ಣಿಗೆ ಒಂದೇ ಚಿತ್ರ: ಐದು ಜನ ನಂಬಿ ಕಳಿಸಿದ ಚುರುಟುಗಳು ಅರಳಿಕಟ್ಟೆಯ ಮೇಲೆ ಸಾಮೂಹಿಕವಾಗಿ ಉರಿಯುತ್ತಿರುವುದು.

ಕಟ್ಟೆಯ ಮೇಲೆ ಹೊಗೆ ಇರಲಿಲ್ಲ, ಗಲಾಟೆ ಇತ್ತು. ಆಂಜಿನಪ್ಪ ಒಂದು ಚುರುಟನ್ನು ಬಾಯಿಗಿಟ್ಟು ಕೆನ್ನೆ ಒಳಕ್ಕೆ ಹೋಗುವಂತೆ ಎಳೆಯುತ್ತಿದ್ದರು. ಪಕ್ಕದಲ್ಲಿ ಅಪ್ಪನ ಹಳೇ ಸ್ನೇಹಿತ ಮುನಿವೆಂಕಟಯ್ಯ ಬೆಂಕಿಪೊಟ್ಟಣ ಹಿಡಿದು, ಉಳಿದ ಹಿರಿಯರು ಸಲಹೆ ಹಿಡಿದು ಕೂತಿದ್ದರು.

"ಬಾರಪ್ಪ ಸುಪುತ್ರ," ಎಂದರು ಆಂಜಿನಪ್ಪ, ಚುರುಟನ್ನು ಬಾಯಿಂದ ತೆಗೆದು. "ಎಷ್ಟ್ ಎಳುದ್ರೂ ಉಸ್ರೇ ಬರಾಕಿಲ್ಲ. ಇದುಕ್ಕೆ ತೂತೇ ಇಲ್ಲ ಕಣ್ಲಾ! ಫಾರಿನ್‌ನೋರು ಸರ್ಯಾಗಿ ಟೋಪಿ ಆಕವ್ರೆ ನಿಂಗೆ."

ಊರ ಚುಟ್ಟಕ್ಕೆ ಎರಡೂ ತುದಿ ತೆರೆದಿರುತ್ತವೆ. ಈ ಚುರುಟಿನ ಒಂದು ತುದಿ ಮುಚ್ಚಿರುತ್ತದೆ. ಅದನ್ನು ಕತ್ತರಿಸಿ ಸೇದಬೇಕು. ಈ ಸಂಗತಿ ಕಟ್ಟೆಗೆ ಗೊತ್ತಿರಲಿಲ್ಲ. ಬದುಕಿನಲ್ಲಿ ಮೊದಲ ಸಲ ಅಜ್ಞಾನ ಎಂಬುದು ಎಷ್ಟು ದೊಡ್ಡ ದೇವರು ಎಂದು ಯಶವಂತನಿಗೆ ಅನ್ನಿಸಿತು.

"ತಡಿ, ಪರ್ಕೆ ಕಡ್ಡಿ ತಂದಿವ್ನಿ, ಚುಚ್ಚಾನ," ಎಂದರು ಮುನಿವೆಂಕಟಯ್ಯ.

"ಬೇಡ!" ಯಶವಂತನ ಕೂಗಿಗೆ ಮರದ ಹಕ್ಕಿಗಳು ಎದ್ದವು. "ಚಿಕ್ಕಪ್ಪ, ಅದು ಡಿಫೆಕ್ಟ್ ಪೀಸು. ಕಂಪ್ನಿಯೋರು ಫೋನ್ ಮಾಡಿದ್ರು. ಎಲ್ಲಾ ವಾಪಸ್ ಕಳಿಸ್ಬೇಕಂತೆ. ಅದಕ್ಕೇ ನಿಮಗೆಲ್ಲ ಬೇರೆ ತಂದಿದೀನಿ, ನೋಡಿ, ಒಳ್ಳೇ ಚುಟ್ಟ."

ಪ್ರಾಮಾಣಿಕನಾದವನಿಗೆ ಸುಳ್ಳು ಹೇಳುವ ಅಭ್ಯಾಸ ಇರುವುದಿಲ್ಲ. ಹಾಗಾಗಿ ಹೇಳಿದ್ದನ್ನು ಎಲ್ಲರೂ ನಂಬಿದರು. ಆದರೆ ನಂಬುವುದು ಬೇರೆ, ಕೊಡುವುದು ಬೇರೆ. ಆಂಜಿನಪ್ಪ ಚುರುಟನ್ನೂ ಚುಟ್ಟವನ್ನೂ ಪಕ್ಕಪಕ್ಕ ಹಿಡಿದು, ಸರ್ವೇ ಕಲ್ಲು ನೋಡುವವರಂತೆ ಒಂದು ಕಣ್ಣು ಮುಚ್ಚಿ ನೋಡಿದರು.

"ಇದು ಎಬ್ಬೆಟ್ಟು. ನಿಂದು ಕಿರುಬೆಟ್ಟು. ಒಂದುಕ್ಕೆ ಒಂದು ಅಂದ್ರೆ ಯಾವ್ ನ್ಯಾಯ?"

"ತೂತಿಲ್ಲ ಅಂದ್ರಲ್ಲ ಚಿಕ್ಕಪ್ಪ."

"ತೂತಿಲ್ದಿದ್ರೂ ಎಬ್ಬೆಟ್ಟು ಎಬ್ಬೆಟ್ಟೇ ಕಣ್ಲಾ. ಒಂದುಕ್ಕೆ ಎರಡು."

"ಅವ್ನ್ ಕೈಲಿರೋದು ಸಣ್ದು, ನಂದು ಉದ್ದ," ಎಂದು ಮುನಿವೆಂಕಟಯ್ಯ ತಕರಾರು ತೆಗೆದರು. "ಅವ್ನಿಗೂ ಎರಡು, ನಂಗೂ ಎರಡಾ? ನಾನೇನ್ ಬಿಟ್ಟಿ ಬಂದಿವ್ನಾ? ನಂಗೆ ಎರಡು, ಮೇಲೊಂದು ತೊಟ್ಟು ಎಡೆ ಬ್ರಾಂದಿ."

"ಅಂಗಾದ್ರೆ ಬ್ರಾಂದಿ ಎಲ್ರಿಗೂ!" ಎಂದು ಕಟ್ಟೆ ಒಕ್ಕೊರಲಿನಿಂದ ಘೋಷಿಸಿತು.

ಆಂಜಿನಪ್ಪ ನ್ಯಾಯ ಹೇಳುವ ಪಂಚರಾಗಿ ನಡುವೆ ಕೂತರು. ಉದ್ದದವು ಬಲಕ್ಕೆ, ಗಿಡ್ಡವು ಎಡಕ್ಕೆ. ಒಬ್ಬೊಬ್ಬರೂ ಎದ್ದು ಬಂದು ತಮ್ಮದನ್ನು ಇಟ್ಟು, ಅಳತೆ ಮಾಡಿಸಿ, ಚುಟ್ಟ ಪಡೆದು, ಪಕ್ಕದವನಿಗೆ ಸಿಕ್ಕಿದ್ದನ್ನು ನೋಡಿ ಗೊಣಗಿ ಕೂತರು. ಯಶವಂತ ಮನೆಗೆ ಹೋಗಿ ಬ್ರಾಂದಿ ತಂದ. ಯಾರೂ ಯಾರನ್ನೂ ಕಳ್ಳ ಎನ್ನಲಿಲ್ಲ. ಧೂಮಮಿತ್ರರ ಇಷ್ಟು ವರ್ಷಗಳ ವಿನಿಮಯದಲ್ಲಿ ಇಂಥ ವ್ಯವಸ್ಥೆಯನ್ನು ಯಶವಂತ ಕಂಡಿರಲಿಲ್ಲ. ಡಬ್ಬಿಗೆ ತುಂಬುವಾಗ ಒಂದನ್ನು ಮೂಸಿ ನೋಡಿದ. ದೇವಸ್ಥಾನದಲ್ಲಿ ಬಿರಿಯಾನಿ ಮಾಡಿದಂಥ ವಾಸನೆ. ಇರಲಿ, ಯಾರಿಗಾದರೂ ಒಣದ್ರಾಕ್ಷಿ ಸಿಕ್ಕೇ ಸಿಗುತ್ತದೆ ಎಂದುಕೊಂಡ.

ಆಮೇಲೆ ಎಣಿಸಿದ. ಒಂದು ಕಡಿಮೆ.

"ಚಿಕ್ಕಪ್ಪ, ಕೆಂಪು ಉಂಗುರದ್ದು, ದಪ್ಪಂದು?"

"ಅದಾ? ಅದ್ನ ನಿಮ್ಮವ್ವ ಯಾರ್ಗೂ ಕೊಡ್ಲಿಲ್ಲಪ್ಪ. ನಮ್ಮಣ್ಣನ್ ಪಾಲಿಂದು ಅಂತ ತಾನೇ ಎತ್ತಿಟ್ಕಂಡ್ಲು."

ಯಶವಂತನಿಗೆ ಅಪ್ಪನ ಮೇಲೆ ಅಂದು ಮೊದಲ ಬಾರಿಗೆ ನಿಜವಾದ ಭಕ್ತಿ ಉಕ್ಕಿತು. ಮನೆಗೆ ಹಾರಿ ಬಂದ. ಫೋಟೋದ ಮುಂದೆ ಊದುಬತ್ತಿಯ ಬೂದಿ ಇತ್ತು, ಚುರುಟು ಇರಲಿಲ್ಲ. ಹಿತ್ತಲ ಜಗಲಿಯಲ್ಲಿ ಲಕ್ಷ್ಮಿದೇವಮ್ಮ, ರತ್ನಕ್ಕ ಇಬ್ಬರೂ ಊಟ ಮುಗಿಸಿ, ಕಾಲು ಚಾಚಿ, ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ತಟ್ಟೆಯಲ್ಲಿ ಸುಣ್ಣದ ಡಬ್ಬಿ, ಒಡೆದ ಅಡಿಕೆ ಮತ್ತು ಕೆಂಪು-ಬಂಗಾರದ ಒಂದು ಕಾಗದದ ಉಂಗುರ.

"ಅಮ್ಮ," ಎಂದ ಯಶವಂತ. ಉಂಗುರದ ಕಡೆ ಬೆರಳು ಮಾಡಿದ. "ಇದು ಎಲ್ಲಿ?"

"ಯಾವ್ದು? ದಪ್ಪಂದಾ? ಒಗೆಸೊಪ್ಪು ಮುಗ್ದೋಗಿತ್ತು. ಬಿಚ್ಚುದ್ರೆ ಒಳಗೆಲ್ಲಾ ಸೊಪ್ಪೇ ಇತ್ತಲ್ಲ, ಎಲೆಗೆ ಆಕ್ಕಂಡ್ವಿ." ಅವರು ಒಂದು ಸಲ ಅಗಿದು, ಕರಿಬೇವಿನ ಗಿಡದ ಬುಡಕ್ಕೆ ಉಗಿದರು. "ಏಮಾರ್ಸವ್ರೆ ಮಗಾ. ಅಳೇ ಸೊಪ್ಪು. ಗಮ್ಮತ್ತೇ ಇಲ್ಲ."

"ನಂಗಂತೂ ಮರದ್ ಪುಡಿ ಅಗ್ದಂಗಾತು," ಎಂದಳು ರತ್ನಕ್ಕ.

ಮಗಳ ಮದುವೆ, ಮೊಮ್ಮಗನ ಶಾಲೆ, ಎಲ್ಲವೂ ಕರಿಬೇವಿನ ಬುಡ ಸೇರಿತ್ತು. ಯಶವಂತ ಉಂಗುರವನ್ನು ಎತ್ತಿಕೊಂಡು ಕೋಣೆಗೆ ಹೋಗಿ ಮಂಚದ ಮೇಲೆ ಕೂತ.

"ನಿಜ ಹೇಳ್ಬಿಡಿ," ಎಂದಳು ಚೈತ್ರ.

"ಏನಂತ? ನೀವು ನಂಬಿ ಕಳ್ಸಿದ್ದನ್ನ ನಮ್ಮಮ್ಮ ಅಗಿದು ಉಗುದ್ರು ಅಂತಾನಾ? ಯಾರ್ ನಂಬ್ತಾರೆ? ನಾನೇ ಸೇದ್ಬಿಟ್ಟೆ ಅಂತಾರೆ."

ಅದು ನಿಜವಾಗಿತ್ತು. ಇಂಥ ಸತ್ಯ ನಡೆದಿರಲು ಸಾಧ್ಯವೇ ಇರಲಿಲ್ಲ. ಸುಳ್ಳು ಹೇಳುವುದಾದರೂ ಇದಕ್ಕಿಂತ ಚೆನ್ನಾಗಿರಬೇಕು. ಯಶವಂತ ಎದ್ದು, ಬೀರುವಿನ ಮೇಲಿದ್ದ ಟೈಲ್ಸ್ ಸ್ಯಾಂಪಲ್ಲಿನ ಪೆಟ್ಟಿಗೆ ಇಳಿಸಿ, ಅದರ ತಳದಿಂದ ಒಂದು ಗಾಜಿನ ಕೊಳವೆ ತೆಗೆದ. ಚೈತ್ರಳ ಅಣ್ಣ ಕ್ಯೂಬಾದಿಂದಲೇ ತಂದುಕೊಟ್ಟಿದ್ದ ಚುರುಟು. ಅದೇ ದಪ್ಪ, ಅದೇ ಬಣ್ಣ. ಯಾವುದಾದರೂ ದೊಡ್ಡ ದಿನಕ್ಕೆಂದು ಅವನು ಅದನ್ನು ಕಾದಿಟ್ಟಿದ್ದ. ಬಂದ ದಿನಗಳೆಲ್ಲ ಅವನಿಗೆ ಸಣ್ಣವಾಗಿ ಕಂಡಿದ್ದವು.

"ಅದನ್ನ ಕೊಟ್ಬಿಡ್ತೀರಾ?"

"ಗೆದ್ದೋರಿಗೆ ನಷ್ಟ ಆಗ್ಬಾರ್ದು ಚೈತ್ರ. ಅಷ್ಟೇ."

ಅದರ ಉಂಗುರ ಕಳಚಿ, ವಾಸು ಅವರ ಉಂಗುರ ತೊಡಿಸಿದ. ಗೋಂದು ಸಿಗಲಿಲ್ಲ. ಎಡೆಯ ಎಲೆಯಿಂದ ಒಂದು ಅನ್ನದ ಅಗುಳು ತಂದು ಅಂಟಿಸಿದ. ಮೋಸವನ್ನು ಇಷ್ಟು ಧರ್ಮಬುದ್ಧಿಯಿಂದ ಮಾಡಿದವರು ಆ ಊರಿನಲ್ಲಿ ಹಿಂದೆ ಯಾರೂ ಇರಲಿಲ್ಲ.

ಸಂಜೆ ಟೆರೇಸಿನ ಮೇಲೆ ನೀರಿನ ಟ್ಯಾಂಕಿಗೆ ಫೋನ್ ಒರಗಿಸಿ ಕಾಲ್ ಶುರುವಾಯಿತು. ಪರದೆಯಲ್ಲಿ ಐದು ಮುಖ. ಯಾರೂ ಅನುಮಾನ ಪಡಬಾರದೆಂದು ಚೀಟಿ ಎತ್ತುವ ಕೆಲಸವನ್ನು ಯಶವಂತ ಚೈತ್ರಳಿಗೆ ಒಪ್ಪಿಸಿದ್ದ. ಅವಳ ಕಣ್ಣಿಗೆ ವೇಲು ಕಟ್ಟಲಾಗಿತ್ತು. ಐದೈದರ ಹಂಚಿಕೆ ಯಾವ ತಕರಾರೂ ಇಲ್ಲದೆ ಮುಗಿಯಿತು. "ಛಲೋ ಮಾಡೀರಿ ನೋಡ್ರಿ ಯಶವಂತ," ಎಂದರು ಅಸ್ಮಾ. ಯಶವಂತನ ಎದೆ ಹಗುರಾಯಿತು. ಉಳಿದದ್ದು ದಪ್ಪ ಚುರುಟೊಂದೇ. ಅವನು ಅದನ್ನು ಕ್ಯಾಮೆರಾಕ್ಕೆ ಹಿಡಿದ.

"ನಿಲ್ಲಿ, ನಿಲ್ಲಿ," ವಾಸು ಕನ್ನಡಕ ಸರಿಮಾಡಿಕೊಂಡು ಪರದೆಗೆ ಮುಖ ತಂದರು. "ಆ ಉಂಗುರದ ಹತ್ರ ಬೆಳ್ಳಗೆ ಏನೋ ಇದೆಯಲ್ಲ?"

ಅಗುಳು ಹೊರಗಿಣುಕಿತ್ತು. ಯಶವಂತ ಹೆಬ್ಬೆರಳಿನಿಂದ ಅದನ್ನು ಮುಚ್ಚಲು ಹೋದ.

"ನೋಡಿದ್ರಾ ಎಲ್ಲರೂ?" ವಾಸು ಗದ್ಗದಿತರಾದರು. "ವರ್ಷಗಟ್ಟಲೆ ಮಾಗಿದ ಸಿಗಾರಿಗೆ ಮಾತ್ರ ಹಾಗೆ ಬಿಳಿ ಹೂವು ಬಿಡೋದು. ನಾನು ಕಳಿಸುವಾಗ ಇರಲಿಲ್ಲ. ಯಶವಂತ್ ಎಷ್ಟು ಜೋಪಾನ ಮಾಡಿದಾರೆ ನೋಡಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಚೈತ್ರ ಡಬ್ಬಿಗೆ ಕೈ ಹಾಕಿ, ಚೀಟಿ ಎತ್ತಿ, ವೇಲು ಸರಿಸಿ ಓದಿದಳು. ಓದಿ ಚೀಟಿಯನ್ನು ಮತ್ತೆ ಮಡಚಿದಳು.

"ಯಾರ್ದ್ರೀ?" ಎಂದರು ಅಸ್ಮಾ.

"ನಮ್ಮೆಜಮಾನ್ರದ್ದು."

ಪರದೆಯ ಮೇಲೆ ಐದು ಮುಖಗಳೂ ನೆಟ್‌ವರ್ಕ್ ಕಡಿದು ಹೋದಂತೆ ಅಲುಗಾಡದೆ ನಿಂತವು. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

"ನಂಗೆ ಬೇಡ!" ಯಶವಂತ ಕೂಗಿದ. "ಇನ್ನೊಂದ್ ಸಲ ಎತ್ತೋಣ. ದಯವಿಟ್ಟು. ಯಾರಾದ್ರೂ ತಗೊಳ್ಳಿ."

"ಬೇಡ ಅಂದ್ರೆ?" ವಾಸು ಅವರ ಮುಖ ಕೆಂಪಾಯಿತು. "ನನ್ನ ಸಿಗಾರು ಬೇಡವಾ ನಿಮಗೆ? ಚೀಟಿ ಅಂದ್ರೆ ಚೀಟಿ. ಈಗಲೇ ಹಚ್ಚಿ. ನನ್ನ ಕಣ್ಣೆದುರೇ ಹಚ್ಚಿ."

"ಹಚ್ರಿ, ಹಚ್ರಿ," ಎಂದರು ಅಸ್ಮಾ. ಛಲೋ ಎಂದಿದ್ದ ಧ್ವನಿ ಹಲ್ಲು ಕೀಳುವ ಧ್ವನಿಯಾಗಿತ್ತು. "ಹೆಂಡ್ತಿ ಕಡಿಂದ ಚೀಟಿ ಎತ್ತಿಸಿ ಗಂಡನ ಹೆಸ್ರು ತಗಸೋದು ಭಾರೀ ಪದ್ಧತಿ ಆತು."

"ನಾನು ಹೋದ ವರ್ಷ ಒಂದನ್ನೂ ಮುಟ್ಟದೆ ಕಳ್ಳ ಅನ್ನಿಸಿಕೊಂಡೆ ಮಾರಾಯ್ರೆ," ಎಂದ ಗೋಕುಲ್. "ಇವರು ಎಲ್ಲರ ಎದುರು, ಲೈಟ್ ಹಾಕಿ, ಹೆಂಡತಿಯ ಕಣ್ಣು ಕಟ್ಟಿಯೇ ಮಾಡಿದ್ರಲ್ಲ. ಭಾರೀ ಧೈರ್ಯದ ಜನ."

ಯಶವಂತ ತುದಿ ಕತ್ತರಿಸಿ ಹಚ್ಚಿದ. ತನ್ನದೇ ಚುರುಟು, ತನ್ನದೇ ದೊಡ್ಡ ದಿನ. ವಾಸು ಕಣ್ಣು ಮುಚ್ಚಿ ಕಾಯುತ್ತಿದ್ದರು.

"ಹೇಗಿದೆ?"

"ಮಾಗಿದೆ ಸಾರ್," ಎಂದ ಯಶವಂತ. "ಮಗಳ ಮದುವೆಯೇ ಕಣ್ಮುಂದೆ ಬಂದಂಗಿದೆ."

ವಾಸು ಕಣ್ಣೊರೆಸಿಕೊಂಡರು. ಉಳಿದವರು ಒಬ್ಬೊಬ್ಬರಾಗಿ ಪರದೆಯಿಂದ ಮಾಯವಾದರು. ಹೊಗೆ ಸಂಜೆಯ ಗಾಳಿಗೆ ಸುತ್ತಿ ಸುತ್ತಿ ಹಿತ್ತಲಿಗೆ ಇಳಿಯಿತು. ಕೆಳಗೆ ಲಕ್ಷ್ಮಿದೇವಮ್ಮ ರತ್ನಕ್ಕನಿಗೆ ಹೇಳುತ್ತಿದ್ದದ್ದು ಟೆರೇಸಿಗೂ ಕೇಳಿಸಿತು: "ನೋಡ್ದಾ, ಇವ್ರು ಬಂದವ್ರೆ. ವಾಸ್ನೆ ಬತ್ತಾ ಐತೆ. ಮಗ ತಂದಿದ್ದು ಇಡಿಸ್ತು ಅಂತ ಕಾಣ್ತದೆ."

ಚೈತ್ರ ಫೋನ್ ನೋಡಿದಳು. ಧೂಮಮಿತ್ರರು ಯಶವಂತನನ್ನು ಬಳಗದಿಂದ ತೆಗೆದುಹಾಕಿದ್ದರು. ಚುರುಟು ಚೆನ್ನಾಗಿತ್ತು.